ಕಂದು ಕಡಲಕಳೆ ಸಾರ ಹಾಕಿದ ಮೇಲೆ ಫಾರ್ಮುಲಾ ಕೆಟ್ಟರೆ: ದೋಷ ನಿವಾರಣೆ ಕೈಪಿಡಿ

ಕಂದು ಕಡಲಕಳೆಯ ಸಾರವನ್ನು ಸೀರಮ್‌ಗೋ ಕ್ರೀಮ್‌ಗೋ ಸೇರಿಸಿದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಜೆಲ್ ನೀರಾಯಿತು, ಬಣ್ಣ ಕಪ್ಪಿಟ್ಟಿತು, ದಾರದಂಥ ಎಳೆಗಳು ಬಂದವು, ವಾಸನೆ ತಿರುಗಿತು. ಸಾರವೇ ಕಳಪೆ ಎಂದು ಮಾರಿದವರ ಮೇಲೆ ಹಾಕುವುದು ಸುಲಭ. ಹಾಗಾಗುವುದೂ ಉಂಟು, ಆದರೆ ಅಪರೂಪ. ಬಹುಪಾಲು ಸಲ ಸಾರ ಸರಿಯಾಗಿಯೇ ಇರುತ್ತದೆ. ಅದು ಹೊತ್ತು ತಂದ ಯಾವುದೋ ಒಂದು ವಸ್ತುವಿಗೂ ಫಾರ್ಮುಲಾದಲ್ಲಿ ಮೊದಲೇ ಇದ್ದ ಇನ್ನೊಂದಕ್ಕೂ ಹೊಂದಿಕೆ ಆಗಿರುವುದಿಲ್ಲ.

ಹೊತ್ತು ತರುವುದು ಮುಖ್ಯವಾಗಿ ಮೂರನ್ನು. ಒಂದು, ಉಪ್ಪು: ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಜೊತೆಗೆ ಒಂದಿಷ್ಟು ಅಯೊಡೈಡ್. ಎರಡು, ಋಣ ವಿದ್ಯುದಂಶ ಹೊತ್ತ ಸಕ್ಕರೆ ಸರಪಳಿಗಳು: ಆಲ್ಜಿನೇಟ್ ಮತ್ತು ಸಲ್ಫೇಟ್ ಅಂಟಿಕೊಂಡ ಫ್ಯೂಕೋಯ್ಡನ್. ಇವುಗಳ ಜೊತೆಗೇ ಬರುವ ಲ್ಯಾಮಿನಾರಿನ್‌ಗೆ ವಿದ್ಯುದಂಶವಿಲ್ಲ, ಅದರಿಂದ ಅಂಥ ತಂಟೆಯೂ ಇಲ್ಲ. ಮೂರು, ಫ್ಲೋರೋಟ್ಯಾನಿನ್‌ಗಳು, ಅಂದರೆ ಫ್ಲೋರೋಗ್ಲೂಸಿನಾಲ್ ಎಂಬ ಫಿನಾಲ್ ಒಂದಕ್ಕೊಂದು ಕೂಡಿ ಆದ ಟ್ಯಾನಿನ್‌ಗಳು. ಜೆಲ್ ತೆಳ್ಳಗಾದರೆ ಮೊದಲು ಉಪ್ಪನ್ನು ಹಿಡಿಯಿರಿ, ಗಂಟಾದರೆ ಸಕ್ಕರೆ ಸರಪಳಿಯನ್ನು, ಬಣ್ಣ ಕೆಟ್ಟರೆ ಫಿನಾಲನ್ನು. ಇದು ಹತ್ತಕ್ಕೆ ಹತ್ತು ಸಲ ಸರಿಹೋಗುವ ಲೆಕ್ಕವಲ್ಲ, ಆದರೆ ಹುಡುಕಾಟ ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಡಬ್ಬಿಯಲ್ಲಿರುವುದು ನಿಜಕ್ಕೂ ಏನು?

"ಕಡಲಕಳೆ ಸಾರ" ಎಂಬ ಒಂದೇ ಚೀಟಿಯ ಕೆಳಗೆ ಮೂರು ಬೇರೆಬೇರೆ ಪದಾರ್ಥಗಳು ಮಾರಾಟವಾಗುತ್ತವೆ. ನೀರು, ಗ್ಲಿಸರಿನ್ ಅಥವಾ ಗ್ಲೈಕಾಲ್‌ನಲ್ಲಿ ತೆಗೆದ ದ್ರವ ಸಾರ, ಒಣಗಿಸಿದ ಪುಡಿ, ಎಣ್ಣೆಯಲ್ಲಿ ತೆಗೆದ ಸಾರ. ಎಣ್ಣೆಯದರಲ್ಲಿ ಆಲ್ಜಿನೇಟೂ ಇಲ್ಲ, ಫ್ಯೂಕೋಯ್ಡನ್ನೂ ಇಲ್ಲ. ಅದರಲ್ಲಿರುವುದು ಫ್ಯೂಕೋಜ್ಯಾಂಥಿನ್ ಎಂಬ ಕಿತ್ತಳೆ ವರ್ಣದ್ರವ್ಯ ಮತ್ತು ಕೊಬ್ಬಿನಾಮ್ಲಗಳು. ಒಂದಕ್ಕೆ ಬರೆದ ಪರಿಹಾರ ಇನ್ನೊಂದಕ್ಕೆ ನಡೆಯದು.

ಜಾತಿಯನ್ನೂ ನೋಡಬೇಕು. ಫ್ಯೂಕಸ್ ವೆಸಿಕ್ಯುಲೋಸಸ್, ಆಸ್ಕೋಫಿಲಮ್ ನೋಡೋಸಮ್, ಎಕ್ಲೋನಿಯಾ ಕಾವಾ ಇವುಗಳಲ್ಲಿ ಫ್ಲೋರೋಟ್ಯಾನಿನ್ ಹೆಚ್ಚು, ಹಾಗಾಗಿ ಬಣ್ಣದ ಕಾಟವೂ ಹೆಚ್ಚು. ಲ್ಯಾಮಿನೇರಿಯಾ ಮತ್ತು ಸ್ಯಾಕರಿನಾಗಳಲ್ಲಿ ಫಿನಾಲ್ ಕಡಿಮೆ. ಅಲ್ಲಿ ತೊಂದರೆ ಕೊಡುವುದು ಹೆಚ್ಚಾಗಿ ಆಲ್ಜಿನೇಟ್. ಕೊಯ್ದ ಕಾಲವೂ ಲೆಕ್ಕಕ್ಕೆ ಬರುತ್ತದೆ. ಲ್ಯಾಮಿನೇರಿಯಾ ಬಳಗದ ಕಳೆಗಳಲ್ಲಿ ಲ್ಯಾಮಿನಾರಿನ್ ಮತ್ತು ಮ್ಯಾನಿಟಾಲ್ ಬೇಸಿಗೆಯಿಂದ ಶರತ್ಕಾಲದ ತನಕ ತುಂಬಿಕೊಂಡು ಚಳಿಗಾಲದಲ್ಲಿ ಬರಿದಾಗುತ್ತವೆ. ಒಂದೇ ಕಡೆಯಿಂದ ತರಿಸಿದ ಎರಡು ಲಾಟ್‌ಗಳು ಬೇರೆಬೇರೆಯಾಗಿ ನಡೆದುಕೊಂಡರೆ ಅದು ಮೋಸವೇ ಆಗಿರಬೇಕಿಲ್ಲ.

ಸರಬರಾಜುದಾರರಿಂದ ಆರು ವಿವರ ಕೇಳಿ ಪಡೆಯಿರಿ: ಜಾತಿ, ದ್ರಾವಕ, ಘನಾಂಶ, ಬೂದಿ ಅಂಶ (ಸುಟ್ಟ ಮೇಲೆ ಉಳಿಯುವ ಉಪ್ಪು-ಖನಿಜ), ಪಿಎಚ್, ಒಳಗೆ ಹಾಕಿರುವ ಪ್ರಿಸರ್ವೇಟಿವ್. ಘನಾಂಶ ಕೊಡದಿದ್ದರೆ, ಸಾರ ಬರೀ ನೀರಿನದಾಗಿದ್ದಲ್ಲಿ, 10 ಗ್ರಾಂ ತೂಗಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ನಿಲ್ಲುವ ತನಕ ಒಣಗಿಸಿ ನೋಡಬಹುದು. ಗ್ಲಿಸರಿನ್ ಇರುವ ಸಾರಕ್ಕೆ ಈ ವಿಧಾನ ಬೇಡ. ಗ್ಲಿಸರಿನ್ ಅಷ್ಟಕ್ಕೆ ಹಾರಿಹೋಗದೆ ತಾನೂ ಘನಾಂಶದ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ನಾಲ್ಕು ಬೀಕರ್ ಪರೀಕ್ಷೆ

ಏನನ್ನೂ ಬದಲಿಸುವ ಮುಂಚೆ ಇದನ್ನು ಮಾಡಿ. ಸಾರ ಹಾಕದ ಅದೇ ಬೇಸ್‌ನಿಂದ ತಲಾ 100 ಗ್ರಾಂನ ನಾಲ್ಕು ಬೀಕರ್. ಮೊದಲನೆಯದಕ್ಕೆ ಸಾರದ ಬದಲು ಅಷ್ಟೇ ತೂಕದ ಡೀಅಯೊನೈಸ್ಡ್ ನೀರು. ಎರಡನೆಯದಕ್ಕೆ ಸಾರ, ಪೂರ್ತಿ ಪ್ರಮಾಣದಲ್ಲಿ. ಮೂರನೆಯದಕ್ಕೆ ಸಾರದ ದ್ರಾವಕ ಮತ್ತು ಅದರ ಪ್ರಿಸರ್ವೇಟಿವ್ ಮಾತ್ರ. ನಾಲ್ಕನೆಯದಕ್ಕೆ ಉಪ್ಪು ಮಾತ್ರ: ಎರಡನೆಯ ಬೀಕರ್‌ನಷ್ಟೇ ವಿದ್ಯುತ್ ವಾಹಕತೆ ಬರುವವರೆಗೆ ಸೋಡಿಯಂ ಕ್ಲೋರೈಡ್. ವಾಹಕತೆ ಮೀಟರ್ ಇಲ್ಲದಿದ್ದರೆ ಬೂದಿ ಅಂಶದಿಂದ ಲೆಕ್ಕ ಹಾಕಿ. ನಾಲ್ಕರಲ್ಲೂ ಪಿಎಚ್ ಒಂದೇ ಇರಬೇಕು. ಇಲ್ಲಿ ಸಡಿಲಬಿಟ್ಟರೆ ಪರೀಕ್ಷೆಗೆ ಅರ್ಥವಿಲ್ಲ.

24 ಗಂಟೆ ಬಿಟ್ಟು ನೋಡಿ. ಎರಡೂ ನಾಲ್ಕೂ ಒಂದೇ ರೀತಿ ಕೆಟ್ಟಿದ್ದರೆ ಕಾರಣ ಉಪ್ಪು. ಮೂರನೆಯದು ಕೆಟ್ಟಿದ್ದರೆ ಕಡಲಕಳೆಗೂ ದೋಷಕ್ಕೂ ಸಂಬಂಧವೇ ಇಲ್ಲ, ದ್ರಾವಕವನ್ನು ವಿಚಾರಿಸಿಕೊಳ್ಳಿ. ಎರಡನೆಯದು ಮಾತ್ರ ಕೆಟ್ಟಿದ್ದರೆ ಸಕ್ಕರೆ ಸರಪಳಿಯೋ ಫಿನಾಲೋ. ಮೊದಲನೆಯದೇ ಕೆಟ್ಟಿದ್ದರೆ ಸಾರವನ್ನು ಕಪಾಟಿಗೆ ಹಿಂತಿರುಗಿಸಿ ಬೇಸ್ ಸರಿಮಾಡಿ.

ಜೆಲ್ ತೆಳ್ಳಗಾಯಿತು

ಅತಿ ಹೆಚ್ಚು ಕಾಣುವ ದೋಷ ಇದು, ಮತ್ತು ಇದರಲ್ಲಿ ಹೆಚ್ಚಿನ ಸಲ ಸಿಕ್ಕಿಬೀಳುವುದು ಜೆಲ್ ದಪ್ಪ ಮಾಡುವ ಕೃತಕ ಪಾಲಿಮರ್ ಆದ ಕಾರ್ಬೋಮರ್. ಕಾರ್ಬೋಮರ್ ದಪ್ಪಗಾಗುವುದು ಅದರ ಸರಪಳಿಯ ಮೇಲಿನ ಋಣ ವಿದ್ಯುದಂಶಗಳು ಒಂದನ್ನೊಂದು ದೂರ ತಳ್ಳಿ ಸರಪಳಿ ಬಿಚ್ಚಿಕೊಳ್ಳುವುದರಿಂದ. ಉಪ್ಪು ಬಂದರೆ ಆ ತಳ್ಳಾಟಕ್ಕೆ ಮರೆ ಬೀಳುತ್ತದೆ, ಸರಪಳಿ ಮತ್ತೆ ಮುದುಡಿಕೊಳ್ಳುತ್ತದೆ. ಶೇ. 0.1ರಷ್ಟು ಅಡುಗೆ ಉಪ್ಪೇ ಕಣ್ಣಿಗೆ ಕಾಣುವಷ್ಟು ತೆಳ್ಳಗೆ ಮಾಡಬಲ್ಲದು. ಶುದ್ಧೀಕರಿಸದ ಒಣಪುಡಿಗಳಲ್ಲಿ ಬೂದಿ ಅಂಶ ಶೇ. 20–30 ಇರುವುದು ಸಾಮಾನ್ಯ. ಅಂಥ ಪುಡಿಯನ್ನು ಶೇ. 1 ಹಾಕಿದರೆ ಬೇಸ್‌ಗೆ ಶೇ. 0.2–0.3 ಉಪ್ಪು ಸುರಿದ ಹಾಗೆ.

ಕಾರ್ಬೋಮರ್ ಇನ್ನಷ್ಟು ಸೇರಿಸಿ, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ ಏರಿಸಿ ದಪ್ಪ ಮಾಡೋಣ ಎಂದು ಕೈ ಹಾಕುವವರೇ ಹೆಚ್ಚು. ಅದು ಒಂದು ದೋಷವನ್ನು ಎರಡು ಮಾಡುವ ದಾರಿ. ಕಾರ್ಬೋಮರ್ ಚೆನ್ನಾಗಿ ನಿಲ್ಲುವುದು ಪಿಎಚ್ 6ರಿಂದ 7ರ ನಡುವೆ. ಫ್ಲೋರೋಟ್ಯಾನಿನ್ ತಣ್ಣಗಿರುವುದು 5ರ ಆಸುಪಾಸು. ಇಬ್ಬರಲ್ಲಿ ಒಬ್ಬರನ್ನು ಮನೆಗೆ ಕಳಿಸಲೇಬೇಕು. ಕಾರ್ಬೋಮರನ್ನೇ ಬಿಡಿ. ಕ್ಸಾಂಥನ್ ಗಮ್ ಶೇ. 0.3–0.5, ಸ್ಕ್ಲೆರೋಷಿಯಂ ಗಮ್ ಶೇ. 0.5–0.8, ಅಥವಾ ಹೈಡ್ರಾಕ್ಸಿಎಥೈಲ್ ಸೆಲ್ಯುಲೋಸ್ ಶೇ. 0.8–1.2 ಬಳಸಿ. ಕ್ಸಾಂಥನ್‌ಗೆ ಸ್ವಲ್ಪ ಉಪ್ಪು ಸಿಕ್ಕರೆ ಅದರ ರಚನೆ ಇನ್ನೂ ಗಟ್ಟಿ. ಪಾರದರ್ಶಕ ಜೆಲ್ ಬೇಕೇಬೇಕು ಎನ್ನುವವರು ಸ್ಪಷ್ಟ ದರ್ಜೆಯ ಕ್ಸಾಂಥನ್ ಅಥವಾ ಹೈಡ್ರಾಕ್ಸಿಎಥೈಲ್ ಸೆಲ್ಯುಲೋಸ್ ಆರಿಸಿಕೊಳ್ಳಲಿ.

ಮೊದಲ ದಿನ ಸರಿಯಿದ್ದು ಮೂರನೆಯ ವಾರಕ್ಕೆ ನೀರಾಗುವುದು ಬೇರೆಯೇ ರೋಗ. ಉಪ್ಪಿನ ಪರಿಣಾಮ ತಕ್ಷಣ ಕಾಣುತ್ತದೆ, ಕಾಯುವುದಿಲ್ಲ. ನಿಧಾನವಾಗಿ ತೆಳ್ಳಗಾಗಿದ್ದರೆ ಸರಪಳಿ ತುಂಡಾಗುತ್ತಿದೆ ಎಂದರ್ಥ. ತುಂಡರಿಸುವವರು ಮೂವರು. ಸೂಕ್ಷ್ಮಜೀವಿಗಳು ಮತ್ತು ಅವುಗಳ ಕಿಣ್ವಗಳು. ಬಿಸಿಯ ಜೊತೆ ಸೇರಿದ ಆಮ್ಲ, ಅಂದರೆ 4ಕ್ಕಿಂತ ಕಡಿಮೆ ಪಿಎಚ್‌ನಲ್ಲಿ 45 ಡಿಗ್ರಿಯ ಓವನ್ನಿನಲ್ಲಿಟ್ಟಾಗ ಆಗುವಂಥದ್ದು. ಮತ್ತು ವಿಟಮಿನ್ ಸಿ, ಕಬ್ಬಿಣದ ಅಂಶ, ಆಮ್ಲಜನಕ ಮೂರೂ ಕೂಡಿದಾಗ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳು. ಕೊನೆಯದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಆಸ್ಕಾರ್ಬಿಕ್ ಆಮ್ಲವನ್ನು ಆಂಟಿಆಕ್ಸಿಡೆಂಟ್ ಎಂದು ಹಾಕಿರುತ್ತಾರೆ, ಆದರೆ ಲೋಹದ ಜೊತೆ ಸೇರಿದರೆ ಅದೇ ಗಮ್ ಕತ್ತರಿಸುವ ಕತ್ತರಿ. ಪತ್ತೆಗೆ ಎರಡು ಜಾಡಿ ಸಾಕು: ಒಂದಕ್ಕೆ ಡೈಸೋಡಿಯಂ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ವಸ್ತು, ಅಂದರೆ ಕೀಲೇಟರ್) ಶೇ. 0.1, ಇನ್ನೊಂದಕ್ಕೆ ಏನೂ ಇಲ್ಲ. ಎರಡನ್ನೂ 40 ಡಿಗ್ರಿಯಲ್ಲಿ ಎರಡು ವಾರ ಇಡಿ. ಇಡಿಟಿಎ ಇದ್ದದ್ದು ನಿಂತು ಇನ್ನೊಂದು ಬಿದ್ದರೆ ಲೋಹವೇ ಕಾರಣ. ಎರಡೂ ಬಿದ್ದರೆ ಸೂಕ್ಷ್ಮಜೀವಿಗಳನ್ನು ಎಣಿಸುವ ಪ್ಲೇಟ್ ಕೌಂಟ್ ಮಾಡಿಸಿ.

ಗಂಟು, ಎಳೆ, ಕದಡು

ನೋಡಲು ಎಲ್ಲ ಗಂಟೂ ಒಂದೇ. ಹುಟ್ಟು ಬೇರೆ. ಒಂದು ಗಂಟನ್ನು ಎತ್ತಿ ಬ್ಲೇಡಿನಿಂದ ಸೀಳಿ. ಒಳಗೆ ಒಣ ಪುಡಿ ಸಿಕ್ಕರೆ ಅದು ನೆನೆಯದೆ ಉಳಿದ ಪುಡಿಯ ಉಂಡೆ, ರಸಾಯನದ ತೊಂದರೆಯೇ ಅಲ್ಲ. ಪುಡಿಯ ಮೂರರಿಂದ ಐದು ಪಟ್ಟು ಗ್ಲಿಸರಿನ್‌ನಲ್ಲಿ ಮೊದಲು ಕಲಸಿ, 500–800 ಆರ್‌ಪಿಎಮ್‌ನಲ್ಲಿ ತಿರುಗುವ ನೀರಿಗೆ ಸಣ್ಣಗೆ ಬಿಡಿ, 30–40 ನಿಮಿಷ ನೆನೆಯಲು ಕೊಡಿ. ಅವಸರಕ್ಕೆ ನೀರು ಕುದಿಸಬೇಡಿ.

ಒಳಗೂ ಹೊರಗೂ ಒಂದೇ ಸಮ ಅಂಟಂಟು ಜೆಲ್ ಇದ್ದರೆ, ಅದರ ಒಂದು ತುಣುಕನ್ನು ಶೇ. 2ರ ಸೋಡಿಯಂ ಸಿಟ್ರೇಟ್ ದ್ರಾವಣಕ್ಕೆ ಹಾಕಿ, ಆಗಾಗ ಕದಡುತ್ತ ಒಂದೆರಡು ಗಂಟೆ ನೋಡಿ. ಕರಗಿತೇ? ಹಾಗಾದರೆ ಅದು ಕ್ಯಾಲ್ಸಿಯಂ ಆಲ್ಜಿನೇಟ್. ಎರಡು ಆಲ್ಜಿನೇಟ್ ಸರಪಳಿಗಳ ಗುಲುರಾನಿಕ್ ಆಮ್ಲದ (ಸರಪಳಿಯ ಒಂದು ಬಗೆಯ ಕೊಂಡಿ) ಭಾಗಗಳ ನಡುವೆ ಕ್ಯಾಲ್ಸಿಯಂ ಬೆಸುಗೆಯ ಹಾಗೆ ಕೂತಿರುತ್ತದೆ. ಸಿಟ್ರೇಟ್ ಅದನ್ನು ಕಿತ್ತುಕೊಳ್ಳುತ್ತದೆ. ಮುಖಕ್ಕೆ ಹಚ್ಚಿ ರಬ್ಬರಿನಂತೆ ಸುಲಿಯುವ ಆಲ್ಜಿನೇಟ್ ಮಾಸ್ಕ್‌ಗಳು ನಿಲ್ಲುವುದು ಇದೇ ಬೆಸುಗೆಯ ಮೇಲೆ. ಅಲ್ಲಿ ಬೇಕೆಂದೇ ಕ್ಯಾಲ್ಸಿಯಂ ಸಲ್ಫೇಟ್ ಹಾಕಿರುತ್ತಾರೆ. ನಿಮ್ಮ ಸೀರಮ್‌ನಲ್ಲಿ ಅದು ಕರೆಯದೆ ಬಂದ ಅತಿಥಿ. ಬಂದದ್ದು ಎಲ್ಲಿಂದ ಎಂದು ಹುಡುಕಿ: ಗಡಸು ನೀರು, ಕ್ಯಾಲ್ಸಿಯಂ ಪ್ಯಾಂಟೋಥಿನೇಟ್, ಕ್ಯಾಲ್ಸಿಯಂ ಪಿಸಿಎ, ಬೆಂಟೋನೈಟ್ ಜೇಡಿ. ಜಿಂಕ್ ಲವಣಗಳೂ ಆಲ್ಜಿನೇಟನ್ನು ಹೀಗೆಯೇ ಬೆಸೆಯುತ್ತವೆ, ಅದಕ್ಕೇ ಜಿಂಕ್ ಪಿಸಿಎ ಇರುವ ಫಾರ್ಮುಲಾಗಳಲ್ಲಿ ಈ ಗಂಟು ಪದೇ ಪದೇ ಕಾಣುತ್ತದೆ. ಸಾರದಲ್ಲಿ ಆಲ್ಜಿನೇಟ್ ಇದೆಯೇ ಎಂದು ಮೊದಲೇ ತಿಳಿಯಲು ಸಾರಕ್ಕೆ ಶೇ. 1ರ ಕ್ಯಾಲ್ಸಿಯಂ ಕ್ಲೋರೈಡ್ ನಾಲ್ಕು ಹನಿ ಹಾಕಿ. ಎಳೆ ಬಿದ್ದರೆ ಇದೆ. ಪರಿಹಾರ ನೀರಿನ ಹಂತದಲ್ಲೇ, ಸಾರ ಸೇರುವ ಮೊದಲೇ ಕೀಲೇಟರ್ ಹಾಕುವುದು. ಗಂಟಾದ ಮೇಲೆ ಹಾಕಿದರೆ ಬಿಡಿಸಿಕೊಳ್ಳಲು ದಿನಗಳೇ ಬೇಕು.

ಸಿಟ್ರೇಟ್‌ಗೆ ಜಗ್ಗದೆ, ಶೇ. 5–10ರ ಉಪ್ಪುನೀರಿನಲ್ಲಿ ಸಡಿಲವಾದರೆ ಅದು ವಿರುದ್ಧ ವಿದ್ಯುದಂಶಗಳ ಅಪ್ಪುಗೆ. ಬಿಹೆಂಟ್ರಿಮೋನಿಯಂ ಮೆಥೋಸಲ್ಫೇಟ್, ಸೆಟ್ರಿಮೋನಿಯಂ ಕ್ಲೋರೈಡ್, ಪಾಲಿಕ್ವಾಟರ್ನಿಯಂಗಳು, ಕೈಟೋಸಾನ್ ಇವೆಲ್ಲ ಧನ ವಿದ್ಯುದಂಶದವು. ಫ್ಯೂಕೋಯ್ಡನ್ ಕಂಡಲ್ಲಿ ಕೂಡಿಕೊಂಡು ತಳಕ್ಕೆ ಇಳಿಯುತ್ತವೆ. ಇದಕ್ಕೆ ಮದ್ದಿಲ್ಲ. ಎರಡರಲ್ಲಿ ಒಂದನ್ನು ಕೈಬಿಡಿ.

ಗಂಟಿಲ್ಲ, ಬರೀ ಹಾಲುಹಾಲಾದ ಮಸುಕು ಎಂದರೆ ಮೂರು ಕಡೆ ನೋಡಿ. ಕೊಲಾಜೆನ್ ಅಥವಾ ರೇಷ್ಮೆ ಪ್ರೋಟೀನ್ ಇದ್ದರೆ ಟ್ಯಾನಿನ್ ಅದನ್ನು ಹಿಡಿದಿದೆ. ಟೋನರ್‌ನಲ್ಲಿ ಆಲ್ಕೋಹಾಲ್ ಹೆಚ್ಚಿದ್ದರೆ ಸಕ್ಕರೆ ಸರಪಳಿಗಳು ಕರಗಿರಲಾರದೆ ಹೊರಬರುತ್ತಿವೆ. ಕಾರ್ಖಾನೆಯಲ್ಲಿ ಅವನ್ನು ಬೇರ್ಪಡಿಸುವುದೂ ಆಲ್ಕೋಹಾಲ್ ಸುರಿದೇ. ಗ್ಲೈಕಾಲಿಕ್ ಆಮ್ಲದಂಥವು ಇದ್ದು ಪಿಎಚ್ 3.5ರ ಹತ್ತಿರ ಇಳಿದಿದ್ದರೆ ಆಲ್ಜಿನೇಟ್ ನೀರಿಗೊಗ್ಗದ ಆಲ್ಜಿನಿಕ್ ಆಮ್ಲವಾಗಿದೆ.

ಬಣ್ಣ ಕೆಟ್ಟಿತು

ಬಣ್ಣ ಯಾವಾಗ, ಎಲ್ಲಿ, ಯಾವ ಛಾಯೆಗೆ ತಿರುಗಿತು ಎಂಬುದೇ ಅರ್ಧ ಉತ್ತರ. ಬೆರೆಸಿದ ಕ್ಷಣದಲ್ಲೇ ಹಸಿರುಗಪ್ಪಾದರೆ ಕಬ್ಬಿಣ: ತುಕ್ಕು ಹಿಡಿದ ಚಮಚ, ಸ್ಟೇನ್‌ಲೆಸ್ ಅಲ್ಲದ ಪಾತ್ರೆ, ನಲ್ಲಿ ನೀರು, ಬಣ್ಣದ ಜೇಡಿಮಣ್ಣು. ಜಾಡಿಯ ಮೇಲ್ಪದರದಿಂದ ಕೆಳಗೆ ಕಂದು ಇಳಿದರೆ ಗಾಳಿ. ಬೆಳಕು ಬೀಳುವ ಮಗ್ಗುಲು ಮಾತ್ರ ಬೇರೆಯಾದರೆ ಬೆಳಕು. ಓವನ್ನಿನ ಮಾದರಿ ಮಾತ್ರ ಸಮನಾಗಿ ಗಾಢವಾಗಿ, ಕೋಣೆಯ ತಾಪಮಾನದ್ದು ಹಾಗೇ ಇದ್ದರೆ ಬಿಸಿಯ ಪ್ರಭಾವ, ಅಷ್ಟೇನೂ ಗಾಬರಿಯಾಗಬೇಕಿಲ್ಲ.

ಫಿನಾಲ್ ಎಷ್ಟು ಚುರುಕಾಗಿದೆ ಎಂದು ಅಳೆಯಲು 10 ಗ್ರಾಂ ಸಾರವನ್ನು 90 ಗ್ರಾಂ ಡಿಸ್ಟಿಲ್ಡ್ ನೀರಿಗೆ ಹಾಕಿ ಐದು ಪಾಲು ಮಾಡಿ. ಸಿಟ್ರಿಕ್ ಆಮ್ಲ ಮತ್ತು ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ ಬಳಸಿ ಪಿಎಚ್ 4, 5, 6, 7, 8ಕ್ಕೆ ನಿಲ್ಲಿಸಿ, ಮುಚ್ಚಳ ತೆಗೆದು 24 ಗಂಟೆ ಬಿಡಿ. ಫ್ಯೂಕಸ್ ಸಾರವಾದರೆ 7 ಮತ್ತು 8 ಎದ್ದು ಕಾಣುವಷ್ಟು ಕಂದಾಗುತ್ತವೆ. ಆಮೇಲೆ 8ರದ್ದನ್ನು ಮತ್ತೆ 5ಕ್ಕೆ ತನ್ನಿ. ಬಣ್ಣ ತಿಳಿಯಾದರೆ ಅದು ಪಿಎಚ್‌ಗೆ ತಕ್ಕಂತೆ ಬದಲಾಗುವ ಛಾಯೆ ಮಾತ್ರ. ತಿಳಿಯಾಗದೆ ಉಳಿದರೆ ಉತ್ಕರ್ಷಣೆ ಆಗಿಹೋಗಿದೆ. ಆದ ಉತ್ಕರ್ಷಣೆಯನ್ನು ಯಾವ ಆಮ್ಲವೂ ಹಿಂತಿರುಗಿಸದು. ಆ ಬ್ಯಾಚ್ ಹೋಯಿತು ಎಂದೇ ಬರೆದುಕೊಳ್ಳಿ.

ತಡೆಯುವ ಕ್ರಮ ಹೀಗೆ. ಪಿಎಚ್ 4.5ರಿಂದ 5.2ರ ಒಳಗೆ, ಬಫರ್ (ಪಿಎಚ್ ಜಾರದಂತೆ ಹಿಡಿಯುವ ಲವಣ) ಸಹಿತ. ಕೀಲೇಟರ್ ಸಾರಕ್ಕಿಂತ ಮುಂಚೆ. ಸಾರ 40 ಡಿಗ್ರಿಗಿಂತ ಕೆಳಗೆ. ಹೋಮೋಜಿನೈಸರ್‌ನ ತಲೆ ಮೇಲೆದ್ದು ಗಾಳಿ ನುಂಗದಂತೆ ಎಚ್ಚರ. ಗಾಳಿಯಾಡದ ಪಂಪ್ ಬಾಟಲಿ, ಬೆಳಕು ತೂರದ ಗೋಡೆ. ಇಷ್ಟಾದ ಮೇಲೂ ಸಾಲದಿದ್ದರೆ ಸೋಡಿಯಂ ಮೆಟಾಬೈಸಲ್ಫೈಟ್ ಶೇ. 0.05–0.1. ಇದನ್ನು ಕೊನೆಯ ಅಸ್ತ್ರವಾಗಿಯೇ ಇಟ್ಟುಕೊಳ್ಳಿ. ಘಾಟು ವಾಸನೆ ಬರುತ್ತದೆ, ಕೆಲವರ ಚರ್ಮಕ್ಕೆ ಸಲ್ಫೈಟ್ ಆಗುವುದಿಲ್ಲ. ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್‌ಗೆ ಫ್ಯೂಕಸ್ ಸಾರ ಹಾಕುವ ಆಸೆ ಬಿಡುವುದು ಮೇಲು. ಜಿಂಕ್ ಆಕ್ಸೈಡ್ ಪಿಎಚ್‌ ಅನ್ನು 7ರ ಮೇಲೆ ಎಳೆಯುತ್ತದೆ, ಆಮ್ಲ ಹಾಕಿ ಇಳಿಸಲು ಹೋದರೆ ಅದೇ ಕರಗಿ ಜಿಂಕ್ ಅಯಾನು ಬಿಡುತ್ತದೆ.

ಎಣ್ಣೆ ಸಾರದ ಕಥೆ ತಿರುಗುಮುರುಗು. ಅಲ್ಲಿ ಬಣ್ಣ ಗಾಢವಾಗುವುದಿಲ್ಲ, ಕಿತ್ತಳೆ ಮಾಸಿ ಪೇಲವವಾಗುತ್ತದೆ. ಬೆಳಕಿಗೆ ಫ್ಯೂಕೋಜ್ಯಾಂಥಿನ್ ಒಡೆದಿದೆ. ಟೋಕೋಫೆರಾಲ್ ಶೇ. 0.2 ಮತ್ತು ಕತ್ತಲೆ ಬಾಟಲಿ.

ವಾಸನೆ ಮತ್ತು ಸೂಕ್ಷ್ಮಜೀವಿ

ಮೀನಿನ ಥರದ ವಾಸನೆ ಮೊದಲಿನಿಂದಲೂ ಇದ್ದು, ಪಿಎಚ್ 7ರಿಂದ 5ಕ್ಕೆ ಇಳಿಸಿದಾಗ ತಗ್ಗಿದರೆ ಅದು ಅಮೀನ್. ಆಮ್ಲದಲ್ಲಿ ಅಮೀನ್‌ಗಳು ಲವಣವಾಗಿ ಕೂತುಬಿಡುತ್ತವೆ, ಗಾಳಿಗೆ ಏಳುವುದಿಲ್ಲ. ಹಳೇ ಬಣ್ಣದ ಡಬ್ಬಿಯ ವಾಸನೆ ಎಣ್ಣೆ ಹಳಸಿ ಕಮಟಾದದ್ದರ ಗುರುತು. ಕೊಳೆತ ವಾಸನೆ ವಾರಗಳ ನಂತರ ಬಂದರೆ ಮೂಸುತ್ತ ಕೂರದೆ ಬ್ಯಾಚ್ ಚೆಲ್ಲಿ.

ಕಡಲಕಳೆಯ ಸಕ್ಕರೆಗಳು, ಮ್ಯಾನಿಟಾಲ್, ಖನಿಜಗಳು ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಸಾರವಿಲ್ಲದ ಬೇಸ್‌ನಲ್ಲಿ ಪಾಸಾದ ಪ್ರಿಸರ್ವೇಟಿವ್ ಸಾರ ಸೇರಿದ ಮೇಲೂ ಪಾಸಾಗುತ್ತದೆ ಎಂದು ನಂಬಬೇಡಿ. ಪಾಲಿಅಮಿನೋಪ್ರೊಪೈಲ್ ಬೈಗ್ವನೈಡ್, ಬೆಂಜಾಲ್ಕೋನಿಯಂ ಕ್ಲೋರೈಡ್, ಲಾರಿಕ್ ಆರ್ಜಿನೇಟ್‌ನಂಥ ಧನ ವಿದ್ಯುದಂಶದವು ಫ್ಯೂಕೋಯ್ಡನ್‌ಗೆ ಅಂಟಿಕೊಂಡು ಕೆಲಸಕ್ಕೆ ಬಾರದಾಗುತ್ತವೆ, ಕಣ್ಣಿಗೆ ಕದಡು ಕಾಣದೆಯೂ. ಸೋಡಿಯಂ ಬೆಂಜೋಯೇಟ್‌ದು ಪಿಎಚ್ ಸಮಸ್ಯೆ. ಕೊಲ್ಲುವ ಶಕ್ತಿ ಇರುವುದು ಅಯಾನಾಗದೆ ಉಳಿದ ಬೆಂಜೋಯಿಕ್ ಆಮ್ಲಕ್ಕೆ; ಅದು ಪಿಎಚ್ 5ರಲ್ಲಿ ಸುಮಾರು ಶೇ. 14, 6ರಲ್ಲಿ ಶೇ. 2ಕ್ಕೂ ಕಡಿಮೆ. ಪಿಎಚ್ ಮೇಲೆ ಜಾರುವ ಸಾರವಿದ್ದರೆ ಬೆಂಜೋಯೇಟ್ ಹೆಸರಿಗಷ್ಟೇ ಉಳಿಯುತ್ತದೆ. ಐಎಸ್‌ಒ 11930 (ಪ್ರಿಸರ್ವೇಟಿವ್ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡುವ) ಪರೀಕ್ಷೆಯನ್ನು ಸಾರ ಸೇರಿದ ಅಂತಿಮ ಬ್ಯಾಚ್‌ನಲ್ಲೇ ಮಾಡಿಸಿ. ಮಿತಿ ಐಎಸ್‌ಒ 17516ರ ಪ್ರಕಾರ ಸಾಮಾನ್ಯ ಉತ್ಪನ್ನಕ್ಕೆ ಗ್ರಾಂಗೆ 1,000 ಸಿಎಫ್‌ಯು (ಬೆಳೆಯಬಲ್ಲ ಸೂಕ್ಷ್ಮಜೀವಿಗಳ ಎಣಿಕೆಯ ಘಟಕ), ಕಣ್ಣಿನ ಸುತ್ತ ಹಚ್ಚುವುದಕ್ಕೆ ಮತ್ತು ಮೂರು ವರ್ಷದೊಳಗಿನ ಮಕ್ಕಳದಕ್ಕೆ 100.

ಹೋಲಿಸಿ ನೋಡಲು ಒಂದು ಸೀರಮ್

ಮೇಲಿನ ದೋಷಗಳನ್ನೆಲ್ಲ ತಪ್ಪಿಸಿ ಕಟ್ಟಿದ ಸರಳ ಬೇಸ್ ಇದು, 100 ಗ್ರಾಂಗೆ: ಡೀಅಯೊನೈಸ್ಡ್ ನೀರು 88.8, ಡೈಸೋಡಿಯಂ ಇಡಿಟಿಎ 0.1, ಸಿಟ್ರಿಕ್ ಆಮ್ಲ 0.15, ಟ್ರೈಸೋಡಿಯಂ ಸಿಟ್ರೇಟ್ 0.25, ಸೋಡಿಯಂ ಬೆಂಜೋಯೇಟ್ 0.3, ಗ್ಲಿಸರಿನ್ 4, ಕ್ಸಾಂಥನ್ ಗಮ್ 0.4, ಕಡಲಕಳೆ ದ್ರವ ಸಾರ 5, ಫಿನಾಕ್ಸಿಎಥನಾಲ್ 0.9, ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ 0.1. ನೀರಿನಲ್ಲಿ ಮೊದಲು ಇಡಿಟಿಎ, ಬೆಂಜೋಯೇಟ್ ಮತ್ತು ಸಿಟ್ರೇಟ್ ಕರಗಿಸಿ. ಕ್ಸಾಂಥನನ್ನು ಗ್ಲಿಸರಿನ್‌ನಲ್ಲಿ ಕಲಸಿ ಸೇರಿಸಿ 30 ನಿಮಿಷ ತಿರುವಿ. ನಂತರ ಸಾರ, ಫಿನಾಕ್ಸಿಎಥನಾಲ್, ಎಥೈಲ್‌ಹೆಕ್ಸೈಲ್‌ಗ್ಲಿಸರಿನ್. ಸಿಟ್ರಿಕ್ ಆಮ್ಲವನ್ನು ನೀರಿನ ಒಂದು ಪಾಲಿನಲ್ಲಿ ಕರಗಿಸಿ ಕೊನೆಗೆ ಹನಿಹನಿಯಾಗಿ, ಮೀಟರ್ 4.8–5.0 ತೋರಿಸಿದಲ್ಲಿ ನಿಲ್ಲಿಸಿ. ಬೆಂಜೋಯೇಟ್ ಕರಗುವ ಮೊದಲೇ ಗಟ್ಟಿ ಆಮ್ಲ ಸುರಿದರೆ ಬೆಂಜೋಯಿಕ್ ಆಮ್ಲ ಹರಳಾಗಿ ಬೀಳಬಹುದು. ನಿಮ್ಮ ಸಾರ ಈ ಬೇಸ್‌ನಲ್ಲಿ ಸುಮ್ಮನಿದ್ದು ನಿಮ್ಮ ಫಾರ್ಮುಲಾದಲ್ಲಿ ಮಾತ್ರ ಗಲಾಟೆ ಮಾಡಿದರೆ, ನಿಮ್ಮ ಪದಾರ್ಥಗಳನ್ನು ದಿನಕ್ಕೊಂದರಂತೆ ಇದಕ್ಕೇ ಸೇರಿಸುತ್ತ ಹೋಗಿ. ತಪ್ಪಿತಸ್ಥ ತಾನಾಗಿ ಸಿಗುತ್ತಾನೆ.

ಎಮಲ್ಷನ್ (ಎಣ್ಣೆ ಮತ್ತು ನೀರು ಬೆರೆತ ಕ್ರೀಮ್) ಒಡೆಯುವುದಕ್ಕೂ ಇದೇ ತರ್ಕ. 3,000 ಆರ್‌ಪಿಎಮ್‌ನಲ್ಲಿ 30 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಉಪ್ಪಿನ ಬೀಕರ್‌ನ ಕ್ರೀಮ್ ಕೂಡ ಒಡೆದರೆ ಉಪ್ಪು ತಾಳುವ ಎಮಲ್ಸಿಫೈಯರ್‌ಗೆ ಹೋಗಿ. ಹಚ್ಚಿದಾಗ ಉಜ್ಜಿದಲ್ಲೆಲ್ಲ ಸಣ್ಣ ಸುರುಳಿಗಳಾಗಿ ಎದ್ದುಬರುತ್ತಿದ್ದರೆ ಒಟ್ಟು ಗಮ್ ಮಿತಿಮೀರಿದೆ. ಸಾರದ ಸಕ್ಕರೆ ಸರಪಳಿಗಳೂ ಪೊರೆ ಕಟ್ಟುತ್ತವೆ, ಹಾಗಾಗಿ ಕ್ಸಾಂಥನನ್ನು 0.2ಕ್ಕೆ ಇಳಿಸಿ ನೋಡಿ.

"ಹಚ್ಚಿದರೂ ಏನೂ ಆಗುತ್ತಿಲ್ಲ"

ಇದೂ ದೋಷವೇ, ಮತ್ತು ಬಹುತೇಕ ಲೆಕ್ಕದ ದೋಷ. ಘನಾಂಶ ಶೇ. 1 ಇರುವ ದ್ರವ ಸಾರವನ್ನು ಶೇ. 5 ಹಾಕಿದರೆ ಕ್ರೀಮಿನಲ್ಲಿರುವ ಒಣ ಕಡಲಕಳೆ ಅಂಶ ಶೇ. 0.05. ಅದರಲ್ಲೂ ಕಾಲುಭಾಗ ಉಪ್ಪು. ಉಳಿದದ್ದರಲ್ಲಿ ಫ್ಯೂಕೋಯ್ಡನ್ ಎಷ್ಟೆಂದು ಯಾರೂ ಅಳೆದಿರುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಶುದ್ಧೀಕರಿಸಿದ ಫ್ಯೂಕೋಯ್ಡನ್ ತೋರಿಸಿದ ಗುಣವನ್ನು ಈ 0.05ಕ್ಕೆ ಅಂಟಿಸಿ ಲೇಬಲ್ ಬರೆಯುವುದು ಫಾರ್ಮುಲೇಟರ್‌ನ ಕೆಲಸವಲ್ಲ. ಪ್ರಮಾಣ ಏರಿಸಬೇಕೆಂದರೆ ದ್ರವ ಸಾರ ಹೆಚ್ಚಿಸುವ ಬದಲು, ಉಪ್ಪು ತೆಗೆದು ಶುದ್ಧ ಮಾಡಿದ, ಫ್ಯೂಕೋಯ್ಡನ್ ಪ್ರಮಾಣ ನಮೂದಿಸಿದ ಪುಡಿಗೆ ಹೋಗಿ, ಶೇ. 0.3–0.5ರಲ್ಲಿ ಶುರುಮಾಡಿ.

ಚರ್ಮ ಕೆಂಪಾದ ದೂರು ಬಂದರೆ ಮೊದಲು ಸಲ್ಫೈಟ್, ಸುಗಂಧ, ಎರಡೆರಡು ಸಲ ಸೇರಿಹೋದ ಪ್ರಿಸರ್ವೇಟಿವ್ ಇವನ್ನು ಪರಿಶೀಲಿಸಿ. ಸಾರದೊಳಗೆ ಮೊದಲೇ ಇದ್ದ ಫಿನಾಕ್ಸಿಎಥನಾಲ್ ಲೆಕ್ಕ ಬಿಟ್ಟುಹೋಗಿ ಒಟ್ಟು ಶೇ. 1 ದಾಟಿರುವುದು ಅಪರೂಪವಲ್ಲ. ಆರ್ಸೆನಿಕ್, ಕ್ಯಾಡ್ಮಿಯಂ, ಸೀಸ, ಪಾದರಸದ ವರದಿ ಪ್ರತಿ ಲಾಟ್‌ಗೂ ಬೇಕು. ಕಂದು ಕಳೆಗಳಲ್ಲಿನ ಆರ್ಸೆನಿಕ್ ಬಹುಪಾಲು ಸಾವಯವ ರೂಪದ್ದು, ಆದರೆ ಹಿಜಿಕಿ ಎಂದು ಕರೆಯುವ ಸಾರ್ಗಾಸಮ್ ಫ್ಯೂಸಿಫಾರ್ಮೆಯಲ್ಲಿ ಹೆಚ್ಚು ಅಪಾಯದ ಅಜೈವಿಕ ರೂಪ ಗಣನೀಯವಾಗಿರುತ್ತದೆ. ಆ ಜಾತಿಯದಾದರೆ ಒಟ್ಟು ಆರ್ಸೆನಿಕ್ ಸಂಖ್ಯೆ ಸಾಲದು, ಅಜೈವಿಕದ್ದನ್ನು ಬೇರೆಯಾಗಿ ಕೇಳಿ.

ಚೆನ್ನಾಗಿ ನಿಂತ ಲಾಟ್‌ನಿಂದ 50 ಗ್ರಾಂ ಸಾರವನ್ನು ಪಿಎಚ್, ವಾಹಕತೆ, ಕ್ಯಾಲ್ಸಿಯಂ ಹನಿ ಪರೀಕ್ಷೆಯ ಫಲಿತಾಂಶ ಬರೆದ ಚೀಟಿಯೊಂದಿಗೆ ಫ್ರಿಜ್‌ನಲ್ಲಿ ಎತ್ತಿಡಿ. ಹೊಸ ಲಾಟ್ ಬಂದ ದಿನ ಅದೇ ಮೂರು ಅಳತೆ ತೆಗೆಯಲು ಅರ್ಧ ಗಂಟೆ ಸಾಕು. ವಾಹಕತೆ ಹಳೆಯದರ ಒಂದೂವರೆ ಪಟ್ಟು ಬಂದರೆ ದೊಡ್ಡ ಬ್ಯಾಚ್‌ಗೆ ಕೈ ಹಾಕುವ ಮುಂಚೆ 100 ಗ್ರಾಂ ಮಾಡಿ ನೋಡಿ.